ಅಳುವುದಕ್ಕೆ ಅಪ್ಪಣೆ

ಅಬಾ ದ್ವೀಪ
ಶವ್ವಾಲ್ ತಿಂಗಳು, ಹಿಜರಿ ೧೨೯೮

ತಾಯಿ ರಯ್ಯಾಳಿಗೆ ಹಿರಿಯ ಮಗ ಕರ್ರಾರ್ ಮಾಡುವ ಸಲಾಮು. ಇದನ್ನು ನಿನಗೆ ಓದಿ ಹೇಳುವ ನನ್ನ ಗುರು ಫಕೀ ಹಸಬೂ ಅವರ ಕೈಗೆ ನನ್ನ ಮುತ್ತು.

ಅಮ್ಮಾ, ಹೇಳದೆ ಬಂದೆ. ಹೇಳಿದ್ದರೆ ನೀನು ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ, ನಾನು ನಿನ್ನನ್ನು ದಾಟಿ ಬರಬೇಕಾಗುತ್ತಿತ್ತು. ಅದು ನನ್ನಿಂದ ಆಗುವ ಕೆಲಸವಲ್ಲ.

ಲೋಕವನ್ನು ನೆಟ್ಟಗೆ ಮಾಡಲು ದೇವರು ಕಳಿಸುತ್ತಾನೆ ಎನ್ನುತ್ತಿದ್ದ ಮಹದಿ ಬಂದಿದ್ದಾರೆ, ಇಲ್ಲಿ ಅವರ ಕೈಹಿಡಿದು ಆಣೆ ಮಾಡಿದ್ದೇನೆ. ಸುದ್ದಿ ನಿಮ್ಮವರೆಗೂ ಬಂದಿರಬೇಕು. ಖಾರ್ತೂಮಿನಲ್ಲಿ ಕೂತು ನಾಡನ್ನು ಆಳುವ ತುರ್ಕರು ನಮ್ಮನ್ನು ಹಿಡಿದು ತರಲು ಹೊಗೆದೋಣಿಯಲ್ಲಿ ಎರಡು ತುಕಡಿ ಕಳಿಸಿದರು. ಮೊದಲು ಹಿಡಿದ ನಾಯಕನಿಗೆ ಬಡ್ತಿ ಅಂತ ಆಸೆ ತೋರಿಸಿದ್ದರಂತೆ. ಇಬ್ಬರೂ ನಾ ಮುಂದು ತಾ ಮುಂದು ಎಂದು ಕೆಸರಿಗಿಳಿದರು, ಕತ್ತಲಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿಕೊಂಡರು. ಉಳಿದದ್ದನ್ನು ನಾವು ಕೋಲು, ಈಟಿಗಳಲ್ಲೇ ಮುಗಿಸಿದೆವು. ಕೋಲು ಹಿಡಿದ ಬಡವರ ಮುಂದೆ ಬಂದೂಕು ಓಡಿದ್ದನ್ನು ನಾನು ಕಣ್ಣಾರೆ ನೋಡಿದೆ.

ನಿನಗೆ ಒಂದು ಮಾತು ಹೇಳಬೇಕು. ಅಪ್ಪನಿಗೆ ನೀನು ಕಟ್ಟಿದ ಅಳುವಿನ ಹಾಡು ನನಗಿಂತ ಮೊದಲೇ ಇಲ್ಲಿಗೆ ಬಂದಿತ್ತು. ದೋಣಿ ಕಟ್ಟುವ ಬಡಗಿಗಳು ಹಲಗೆ ಕೊಯ್ಯುತ್ತ ಅದನ್ನೇ ಹಾಡುತ್ತಿದ್ದರು. 'ರಾಟೆ ನಿಂತಿತು, ಎತ್ತು ತಿರುಗಿ ನೋಡಿತು, ನೊಗ ಇಳಿಸುವ ಕೈ ಎಲ್ಲೆಂದು ಕೇಳಿತು' ಎಂಬಲ್ಲಿಗೆ ಬಂದಾಗ ಗರಗಸ ನಿಲ್ಲುತ್ತಿತ್ತು. ಕಂದಾಯ ಬಾಕಿ ಎಂದು ತುರ್ಕರು ಅಪ್ಪನನ್ನು ನೀರೆತ್ತುವ ಅದೇ ರಾಟೆಯ ಕಂಬಕ್ಕೆ ಕಟ್ಟಿ ನೀರಾನೆ ಚರ್ಮದ ಚಾವಟಿಯಿಂದ ಹೊಡೆದು ಕೊಂದದ್ದು ಈಗ ಹೊಳೆಯ ಎರಡೂ ದಡಕ್ಕೆ ಗೊತ್ತು. ಹಾಡಿನ ಕೊನೆಗೆ, ಕೊಲೆಯಾದವನ ಹೆಂಡತಿ ಸೇಡಿಗೆ ಕರೆಯಬೇಕಾದ ಹಾಗೆ, ನೀನು ನಮ್ಮಿಬ್ಬರ ಹೆಸರು ಕರೆದೆ: 'ಅವನ ಕೋಲು ಅಂಗಳದಲ್ಲಿ ಬಿದ್ದಿದೆ. ಕರ್ರಾರ್, ಕಾಣುತ್ತದೆಯೇ? ಜುಬಾರಾ, ಕಾಣುತ್ತದೆಯೇ?' ನನಗೆ ಕಂಡಿತು, ಎತ್ತಿಕೊಂಡೆ. ಜುಬಾರಾ ಮನೆಯಲ್ಲೇ ಇರಲಿ, ರಾಟೆ ನೋಡಿಕೊಳ್ಳಲಿ.

ನಾವು ಪಡುವಣದ ಬೆಟ್ಟಗಳಿಗೆ ಹೊರಟಿದ್ದೇವೆ.

ನಿನ್ನ ಪಾದದ ಧೂಳಿಗೆ ಸಮನಾದ
ಕರ್ರಾರ್

*

ಉಂ ಹರಾಜ್
ದುಲ್‌ಹಜ್, ೧೨೯೮

ಮಗನೇ,

ನಿನ್ನ ಪತ್ರ ಗೋಂದಿನ ಮೂಟೆಯೊಳಗೆ ಅಡಗಿ ಬಂತು. ಮೊದಲ ಸಲ ಓದಿದಾಗ ಬೈದೆ. ಎರಡನೆಯ ಸಲ ಅತ್ತೆ. ಇನ್ನೊಂದು ಸಲ ಓದಿ ಎಂದರೆ ಫಕೀ, "ನನ್ನ ಕಣ್ಣೇನು ಬಾಡಿಗೆಗೆ ಬಂದಿದ್ಯಾ ರಯ್ಯಾ?" ಎಂದರು. ಆದರೂ ಓದಿದರು.

ಹೆಸರು ಕರೆದದ್ದು ನಿಜ. ಕರೆಯದಿದ್ದರೆ ಊರ ಹೆಂಗಸರು ನನ್ನ ಮುಖಕ್ಕೆ ಉಗಿಯುತ್ತಿದ್ದರು. ಆದರೆ ಕರೆದವರೆಲ್ಲ ಎದ್ದು ಹೋಗುತ್ತಾರೇನೋ? ನಿನ್ನ ಚಿಕ್ಕಮ್ಮನ ಗಂಡನನ್ನು ಮೊಸಳೆ ಎಳೆದುಕೊಂಡು ಹೋದಾಗ ಅವಳು ಮೂವರು ಗಂಡುಮಕ್ಕಳ ಹೆಸರು ಕರೆದಳು. ಯಾರಾದರೂ ಹೋಗಿ ಮೊಸಳೆ ಕೊಂದರೇ? ಮೂವರೂ ಕೂತು ಮುದ್ದೆ ತಿಂದರು. ಅಳುವಾಗ ಹೇಳುವ ಮಾತನ್ನು ಹಾಗೆ ಎತ್ತಿಕೊಂಡು ಓಡುವ ಮಗ ನನ್ನ ಹೊಟ್ಟೆಯಲ್ಲೇ ಹುಟ್ಟಬೇಕಿತ್ತೇ?

ಬೈದದ್ದು ಮುಗಿಯಿತು. ಈಗ ಇನ್ನೊಂದನ್ನೂ ಬರೆಯಿರಿ ಎಂದು ಫಕೀಗೆ ಹೇಳುತ್ತಿದ್ದೇನೆ. ತುರ್ಕರು ಓಡಿದರು ಎಂದು ಕೇಳಿದ ದಿನ ನಾನು ಬಾವಿಯ ಹತ್ತಿರ ಹೋಗಿ, ಯಾರೂ ಇಲ್ಲದ್ದನ್ನು ನೋಡಿ, ಒಂದು ಸಲ ಉಲುಲು ಹಾಕಿದೆ. ನಿನ್ನ ಅಪ್ಪ ಸತ್ತ ಮೇಲೆ ನನ್ನ ಬಾಯಿಂದ ಬಂದ ಮೊದಲ ಖುಷಿಯ ದನಿ ಅದು.

ಕಂದಾಯದವರು ಮತ್ತೆ ಬಂದಿದ್ದರು, ಕರು ಹೊಡೆದುಕೊಂಡು ಹೋದರು. ಜುಬಾರಾನಿಗೆ ಮದುವೆ ಮಾಡುತ್ತಿದ್ದೇನೆ, ಹುಡುಗಿ ಸಿತ್ತನಾ. ಹೆಂಡತಿ ಬಂದರೆ ಅವನ ಕಾಲು ಮನೆಯಲ್ಲಿ ನಿಲ್ಲುತ್ತದೆ ಎಂದು ನನ್ನ ಲೆಕ್ಕ.

ನಿನ್ನನ್ನು ಹೆತ್ತ ತಪ್ಪಿಗೆ ನಿನ್ನ ದಾರಿ ಕಾಯುವ
ರಯ್ಯಾ

ಬರೆದವನ ಮಾತು: ಬಂದವನು ಮಹದಿಯೇ ಹೌದೋ ಅಲ್ಲವೋ ದೇವರೇ ಬಲ್ಲ, ಈ ಮುದಿ ಮೇಷ್ಟ್ರಿಗೆ ತಿಳಿಯದು. ನಿನ್ನ ಅಕ್ಷರ ಮಾತ್ರ ಕೆಟ್ಟಿದೆ. ಓಡುತ್ತ ಬರೆದ ಹಾಗಿದೆ. ಕೂತು ಬರೆ. ಹಸಬೂ.

*

ಗದೀರ್ ಬೆಟ್ಟ
ಶಾಬಾನ್, ೧೨೯೯

ಅಮ್ಮಾ,

ಜುಬಾರಾ ಇಲ್ಲಿದ್ದಾನೆ. ನೀನು ಹುಡುಕುವುದು ಬೇಡ.

ತುರ್ಕರ ದೊಡ್ಡ ದಂಡು ಬೆಟ್ಟಕ್ಕೆ ಬಂದು ಬೆಳಗಿನ ನಮಾಜಿನ ಹೊತ್ತಿಗೆ ಮಣ್ಣುಗೂಡಿತು. ಅದಾದ ಮೇಲೆ ಒಂದು ದಿನ ಕಾಲೆಲ್ಲ ಒಡೆದು, ತುಟಿ ಬಿರಿದು, ಹಲ್ಲು ಕಿರಿಯುತ್ತ ಬಂದು ನಿಂತ. "ಅಮ್ಮನ್ನ ಯಾರಿಗೆ ಬಿಟ್ಟು ಬಂದ್ಯೋ?" ಎಂದು ಕೆನ್ನೆಗೆ ಹೊಡೆದೆ. "ನೀನು ಯಾರಿಗೆ ಬಿಟ್ಟು ಬಂದಿದ್ದೆ?" ಎಂದ. ತಬ್ಬಿಕೊಂಡೆ. ಅವನು ಗಂಟು ಕಟ್ಟಿಕೊಂಡು ತಂದಿದ್ದ ನಿನ್ನ ಹಳೆ ಸೆರಗಿನ ತುಂಡನ್ನು ಹರಿದು ಅವನ ಅಂಗಿಗೆ ತೇಪೆ ಹಾಕಿದ್ದೇನೆ. ಇಲ್ಲಿ ಎಲ್ಲರೂ ತೇಪೆಯ ಅಂಗಿಯವರೇ. ದಂಡು ನಡೆಸುವ ಅಮೀರನಿಗೂ ತೇಪೆ, ಕುರಿ ಕಾಯುವವನಿಗೂ ತೇಪೆ. ಅದನ್ನು ನೋಡಿದರೆ ನನ್ನ ಎದೆ ತುಂಬುತ್ತದೆ.

ನನ್ನನ್ನು ಅಮೀರ್ ಹಮೂದಾ ಅವರು ತಮ್ಮ ಬರವಣಿಗೆಗೆ ಇಟ್ಟುಕೊಂಡಿದ್ದಾರೆ. ಫಕೀ ಸಾಹೇಬರು ಕೇಳಲಿ: ಈಗ ಕೂತೇ ಬರೆಯುತ್ತೇನೆ, ಇಡೀ ದಿನ ಕೂತೇ ಬರೆಯುತ್ತೇನೆ. ಹೊಸ ಕಟ್ಟಳೆಗಳು ಬಂದಿವೆ. ತಂಬಾಕು ಇಲ್ಲ, ಹೆಂಡವಿಲ್ಲ, ತಾಯಿತವಿಲ್ಲ. ವಧುವಿನ ದಕ್ಷಿಣೆಯನ್ನು ಬಡವನ ಕೈಗೆಟಕುವ ಹಾಗೆ ಇಳಿಸಿದ್ದಾರೆ. ಸತ್ತವರ ಮೇಲೆ ಗೋಳಾಡುವಂತಿಲ್ಲ, ಎದೆ ಬಡಿದುಕೊಂಡು ಹಾಡುವಂತಿಲ್ಲ, ದೇವರ ದಾರಿಯಲ್ಲಿ ಸತ್ತವನಿಗಂತೂ ಸಂತೋಷವನ್ನೇ ಪಡಬೇಕು. ಇದನ್ನೆಲ್ಲ ಬೆರಳು ಮರಗಟ್ಟುವಷ್ಟು ಸಲ ಪ್ರತಿ ಮಾಡಿದ್ದೇನೆ. ಫಕೀ ಸಾಹೇಬರು ನಶ್ಯದ ಡಬ್ಬಿಯನ್ನು ಈಗಲೇ ಹೊಳೆಗೆ ಹಾಕುವುದು ಒಳ್ಳೆಯದು.

ನಿನ್ನ
ಕರ್ರಾರ್

*

ಉಂ ಹರಾಜ್
ರಮಜಾನ್, ೧೨೯೯

ಮಗನೇ,

ಸಿತ್ತನಾ ಬಸುರಿ. ಇದನ್ನು ನಿನ್ನ ತಮ್ಮನ ಎರಡೂ ಕಿವಿಗೆ ಕೇಳುವ ಹಾಗೆ ಹೇಳು. ಅವಳು ರಾತ್ರಿ ಮಾತಾಡುವುದಿಲ್ಲ, ಹಗಲು ಸುಮ್ಮಸುಮ್ಮನೆ ನಗುತ್ತಾಳೆ. ಹೆರಿಗೆಯ ಹೊತ್ತಿಗೆ ಅವನನ್ನು ಕಳಿಸು. ನಿನ್ನನ್ನು ಬೇಕಾದರೆ ದೇವರಿಗೆ ಕೊಟ್ಟೆ ಎಂದುಕೊಳ್ಳುತ್ತೇನೆ. ಒಂದು ಮನೆಯಿಂದ ಇಬ್ಬರನ್ನು ದೇವರೂ ಕೇಳುವುದಿಲ್ಲ.

ಅಳಬಾರದು ಎಂದು ಕಟ್ಟಳೆ ಬರೆದೆಯಂತೆ. ಬಾಯಿ ನೋಯಿಸಿಕೊಂಡು ಕಾಸಿಗೆ ಅಳುವ ಪೇಟೆಯ ಹೆಂಗಸರಿಗೆ ಅದು ಸರಿಯೇ, ಅವರಿಗೆ ಸತ್ತವನ ಹೆಸರೂ ನೆಟ್ಟಗೆ ಬರುವುದಿಲ್ಲ. ನಮ್ಮಂಥವರಿಗೆ ಅದೇನೂ ಅನ್ವಯಿಸುವುದಿಲ್ಲ ಬಿಡು. ಹಾಡಿ ಕಳಿಸದಿದ್ದರೆ ಸತ್ತವನು ಅಂಗಳ ಬಿಟ್ಟು ಹೋಗುವುದಿಲ್ಲ ಎಂದು ನನ್ನಮ್ಮ ಹೇಳುತ್ತಿದ್ದಳು. ಅವಳು ಸತ್ತಾಗ ನಾನು ಮೂರು ದಿನ ಹಾಡಿದೆ, ಆಮೇಲೆ ಮನೆ ಹಗುರಾಯಿತು.

ಜುಬಾರಾನನ್ನು ಕಳಿಸು.

ರಯ್ಯಾ

ಬರೆದವನ ಮಾತು: ನಶ್ಯದ ಡಬ್ಬಿಯ ವಿಷಯ ನನ್ನ ಮತ್ತು ನನ್ನ ಮೂಗಿನ ನಡುವಿನದು. ಹಸಬೂ.

*

ಉಬೈದ್ ಪಟ್ಟಣದ ಹೊರಗೆ, ಪಾಳೆಯದಿಂದ
ದುಲ್‌ಹಜ್, ೧೨೯೯

ಅಮ್ಮಾ,

ನಿನ್ನ ಪತ್ರ ತಲುಪಿತು. ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದೇವೆ. ಸುತ್ತ ಕಂದಕ ತೋಡಿಕೊಂಡು ತುರ್ಕರು ಒಳಗೆ ಕೂತಿದ್ದಾರೆ. ಈ ಸಲ ಮಳೆ ಚೆನ್ನಾಗಿತ್ತು, ಗೋಂದಿನ ಮರಗಳು ಹಸಿರಾಗಿವೆ, ಆದರೆ ಕೀಳುವವರಿಲ್ಲ. ಜೋಳ ಒಳಗೂ ಇಲ್ಲ, ಹೊರಗೂ ಕಡಿಮೆ. ಅಮೀರರು ನನಗೆ ಹೊಸ ಮಸಿಕುಡಿಕೆ ಕೊಟ್ಟಿದ್ದಾರೆ, ಹಿತ್ತಾಳೆಯದು. ಅದರ ಮುಚ್ಚಳದ ಮೇಲೆ ಸಣ್ಣ ಹೂವಿನ ಕೆತ್ತನೆ ಇದೆ. ಈಗ ನಮ್ಮವರಿಗೂ ಬಂದೂಕು ಹಿಡಿಯಲು ಅಪ್ಪಣೆಯಾಗಿದೆ. ಮೊದಲು ಇರಲಿಲ್ಲ.

ಸಿತ್ತನಾಳಿಗೆ ಹಾಲು, ತುಪ್ಪ ತಪ್ಪಿಸಬೇಡ. ನನ್ನ ಪಾಲಿನ ಆಡನ್ನು ಮಾರಿಯಾದರೂ ಕೊಡು.

ಹೆಚ್ಚಿಗೆ ಬರೆಯಲು ಹೊತ್ತಿಲ್ಲ.

ಕರ್ರಾರ್

*

ಉಂ ಹರಾಜ್
ಸಫರ್, ೧೩೦೦

ಕರ್ರಾರ್,

ಮಳೆ ಬರೆದೆ. ಮರ ಬರೆದೆ. ಮಸಿಕುಡಿಕೆಯ ಮುಚ್ಚಳದ ಹೂವನ್ನೂ ಬರೆದೆ. ನನ್ನ ಮಗನ ಹೆಸರು ಬರೆಯಲಿಲ್ಲ. ಎಲ್ಲೋ ಬಿಟ್ಟಿರಬೇಕು ಎಂದು ಫಕೀ ಕೈಯಲ್ಲಿ ಮತ್ತೆ ಮತ್ತೆ ಓದಿಸಿದೆ. ಕಾಗದ ತಿರುಗಿಸಿ ಹಿಂದೆಯೂ ನೋಡಿದರು.

ಸಿತ್ತನಾ ಗಂಡು ಹೆತ್ತಿದ್ದಾಳೆ. ಏಳನೆಯ ದಿನ ಕಳೆದರೂ ಹೆಸರಿಟ್ಟಿಲ್ಲ. ಅಪ್ಪನಿಂದ ಹೆಸರು ಬರಲಿ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ಅವಳು ಗಂಡ ಇರುವವಳ ಹಾಗೆ ಕೈಗೆ ಮದರಂಗಿ ಹಾಕಿಕೊಂಡಿದ್ದಾಳೆ. ಸಾವನ್ನು ಮನೆಯವರೇ ಬಾಯಿಬಿಟ್ಟು ಹೇಳುವ ತನಕ ಕೂದಲು ಬಿಚ್ಚಬಾರದು, ಬಿಚ್ಚಿದರೆ ಬದುಕಿರುವವನನ್ನೂ ಕೊಂದ ಹಾಗೆ. ನನಗೆ ಮನೆಯವನೆಂದರೆ ಅಲ್ಲಿ ನೀನೊಬ್ಬನೇ. ಇದ್ದಾನೆ ಎನ್ನು, ಇಲ್ಲ ಎನ್ನು. ನಡುವೆ ನಿಲ್ಲಿಸಬೇಡ.

ರಯ್ಯಾ

*

ಉಬೈದ್ ಪಟ್ಟಣ
ರಬೀಉಲ್ ಆಖಿರ್, ೧೩೦೦

ಅಮ್ಮಾ,

ಜುಬಾರಾ ಇಲ್ಲ.

ಶವ್ವಾಲಿನಲ್ಲಿ, ಒಂದು ಶುಕ್ರವಾರ, ಪಟ್ಟಣದ ಮೇಲೆ ನುಗ್ಗಿದೆವು. ಬಂದೂಕು ಕಾಫಿರರ ಆಯುಧ ಎಂದು, ಗೆದ್ದು ತಂದದ್ದನ್ನೆಲ್ಲ ರಾಶಿ ಹಾಕಿ ಬಿಟ್ಟು, ಕೋಲು, ಈಟಿ, ಕತ್ತಿ ಹಿಡಿದು ಹೋದರು. ದ್ವೀಪದಲ್ಲಿ ಕೋಲಿನಿಂದ ಗೆದ್ದಿದ್ದೆವಲ್ಲ, ಇಲ್ಲೂ ಹಾಗೇ ಎಂದುಕೊಂಡೆವು. ಹೊಲ ಕೊಯ್ದ ಹಾಗೆ ಬಿದ್ದರು. ಜುಬಾರಾ ಕಂದಕದ ಅಂಚಿನವರೆಗೆ ಹೋಗಿದ್ದನಂತೆ. ನಾನು ನೋಡಲಿಲ್ಲ. ನಾನು ಅಮೀರರ ಡೇರೆಯಲ್ಲಿ ಕೂತು ಬರೆಯುತ್ತಿದ್ದೆ.

ಹುತಾತ್ಮರಿಗೆ ಸ್ನಾನವಿಲ್ಲ. ಅಂಗಿಯೊಂದಿಗೇ ಮಣ್ಣು ಮಾಡಿದೆ, ನಿನ್ನ ಸೆರಗಿನ ತೇಪೆಯೊಂದಿಗೆ. ಮುಖ ಚೆನ್ನಾಗಿತ್ತು. ಇದನ್ನು ಸುಳ್ಳು ಹೇಳುತ್ತಿಲ್ಲ.

ಇಷ್ಟು ದಿನ ಬರೆಯಲಿಲ್ಲವೆಂದು ಶಪಿಸಬೇಡ. ಕೈಗೆ ಬರಲಿಲ್ಲ. ಅವನು ದೇವರ ಬಳಿ ಉಂಡು ಉಟ್ಟು ಸುಖವಾಗಿದ್ದಾನೆ, ಅದನ್ನು ನಾನು ನಂಬುತ್ತೇನೆ. ಪಟ್ಟಣವೂ ನಮ್ಮದಾಯಿತು. ಅಳಬೇಡ ಅಮ್ಮಾ. ನಾನು ಅತ್ತಿಲ್ಲ. ಮಗುವಿಗೆ ಅದರ ಅಪ್ಪನ ಹೆಸರನ್ನೇ ಇಡು.

ಕರ್ರಾರ್

*

ಉಂ ಹರಾಜ್
ಜುಮಾದಲ್ ಅವ್ವಲ್, ೧೩೦೦

ಮಗನೇ,

ಮಗುವಿಗೆ ಜುಬಾರಾ ಎಂದು ಹೆಸರಿಟ್ಟೆವು.

ಅಳಬೇಡ ಎಂದು ನೀನು ಹೇಳುವುದೇನೂ ಬೇಕಿಲ್ಲ, ಅಳುವ ಹಾಗೇ ಇಲ್ಲ. ದುವೈಮ್‌ನಲ್ಲಿ ತುರ್ಕರ ಹೊಸ ದಂಡು ಬಂದು ಬಿಡಾರ ಹೂಡಿದೆ. ಅವರ ಕುದುರೆಯವರು ಊರೂರು ಸುತ್ತುತ್ತಾರೆ. ಯಾವುದಾದರೂ ಮನೆಯಲ್ಲಿ ಅಳು ಕೇಳಿಸಿದರೆ ಒಳಗೆ ನುಗ್ಗಿ, "ಯಾರು ಸತ್ತದ್ದು? ಎಲ್ಲಿ ಸತ್ತ? ಹೆಣ ಎಲ್ಲಿ?" ಎನ್ನುತ್ತಾರೆ. ಹೆಣ ತೋರಿಸಲಾಗದ ಮನೆ ದಂಗೆಕೋರನ ಮನೆ. ಆಚೆಯ ಊರಲ್ಲಿ ಹೀಗೇ ಒಂದು ಮನೆ ಸುಟ್ಟರು, ಮುದುಕಿಯನ್ನು ಒಳಗಿಟ್ಟೇ.

ಹಾಗಾಗಿ ಜುಬಾರಾ ಗೋಂದಿನ ವ್ಯಾಪಾರಿಗಳ ಜೊತೆ ಹೋಗಿದ್ದಾನೆ ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ. ಸಿತ್ತನಾ ಮೈಗೆ ಸರಿಯಿಲ್ಲವೆಂದು ಮೂಲೆಯಲ್ಲಿ ಕೂತು ವಿಧವೆಯ ದಿನಗಳನ್ನು ಕಳೆಯುತ್ತಿದ್ದಾಳೆ. ಬಾವಿಯ ಬಳಿ ಯಾರಾದರೂ, "ನಿನ್ನ ಕಿರಿ ಮಗ ಹೇಗಿದ್ದಾನೆ?" ಎಂದರೆ, "ಚೆನ್ನಾಗಿದ್ದಾನೆ, ನಿಮ್ಮ ಹಾರೈಕೆ" ಎನ್ನುತ್ತೇನೆ. ಅಷ್ಟು ಹೇಳಿ ಮನೆಗೆ ಬರುವಷ್ಟರಲ್ಲಿ ತುಂಬಿದ ಕೊಡ ತುಳುಕಿ ತುಳುಕಿ ಖಾಲಿಯಾಗಿರುತ್ತದೆ. ಹಾಡು ತಾನಾಗಿಯೇ ಕಟ್ಟಿಕೊಂಡು ಕೂತಿದೆ. ಹಿಟ್ಟು ಬೀಸುವಾಗ ಬಾಯಿಗೆ ಬರುತ್ತದೆ, ನುಂಗುತ್ತೇನೆ. ಅನ್ನಕ್ಕಿಂತ ಹೆಚ್ಚು ಅದನ್ನೇ ನುಂಗಿದ್ದೇನೆ.

ಬೇಗ ಬನ್ನಿ, ಕರ್ರಾರ್. ಮಹದಿ ಹೌದೋ ಅಲ್ಲವೋ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ನಿಮ್ಮ ಬಾವುಟ ಊರೊಳಗೆ ಬಂದ ದಿನ ಕೂದಲು ಬಿಚ್ಚಿ, ತಲೆಗೆ ಬೂದಿ ಸುರಿದುಕೊಂಡು, ಹೊಳೆಯಾಚೆಗೂ ಕೇಳುವ ಹಾಗೆ ನನ್ನ ಮಗನಿಗೆ ಅಳುತ್ತೇನೆ. ಅಷ್ಟಕ್ಕಾಗಿ ನೀವು ಗೆಲ್ಲಬೇಕು.

ರಯ್ಯಾ

*

ಉಂ ಹರಾಜ್
ರಬೀಉಲ್ ಅವ್ವಲ್, ೧೩೦೧

ಶಿಷ್ಯ ಕರ್ರಾರ್‌ಗೆ,

ಇದು ನಿನ್ನ ತಾಯಿಯ ಪತ್ರವಲ್ಲ, ನನ್ನದು. ಅವಳಿಗೆ ಹೇಳದೆ ಬರೆಯುತ್ತಿದ್ದೇನೆ.

ತುರ್ಕರ ಮಹಾದಂಡು ಕಾಡಿನಲ್ಲಿ ಬಾಯಾರಿ ಸತ್ತ ಸುದ್ದಿ ಬಂದಮೇಲೆ ದುವೈಮ್ ಖಾಲಿಯಾಯಿತು. ಮೊನ್ನೆ ನಿಮ್ಮ ಬಾವುಟ ಬಂತು. ನಿಮ್ಮ ಅಮೀರ್ ಹಮೂದಾ ಅವರ ಕೈಕೆಳಗಿನ ನಾಯಬ್ ಶವರ್ ಎಂಬವನು ಮುಂದೆ. ಇಡೀ ಊರು ದಾರಿಯಲ್ಲಿ ನಿಂತಿತ್ತು. ನನ್ನ ಕಣ್ಣಲ್ಲೂ ನೀರು ಬಂತು. ಅಷ್ಟು ವರ್ಷದ ಚಾವಟಿ ಹೋಯಿತಲ್ಲ ಎಂದು.

ಆಗ ನಿನ್ನ ತಾಯಿ ಬಂದಳು. ಕೂದಲು ಬಿಚ್ಚಿದ್ದಳು, ಬೂದಿ ಹಾಕಿಕೊಂಡಿದ್ದಳು. ಕುದುರೆಗಳ ಮುಂದೆ ನಿಂತು ಹಾಡಲು ಶುರುಮಾಡಿದಳು. ಒಂದು ವರ್ಷ ಒಳಗಿಟ್ಟುಕೊಂಡ ದನಿ ಹೇಗಿರುತ್ತದೆ ಎಂದು ನನಗೆ ಬರೆಯಲು ಬಾರದು. ನಾಯಬ್ ಶವರ್ ಕೆಟ್ಟವನಲ್ಲ, ಅವನ ತಮ್ಮನೂ ಆ ಶುಕ್ರವಾರ ಬಿದ್ದವನೇ ಅಂತೆ. ಗಡ್ಡ ಒದ್ದೆಯಾಗುವಷ್ಟು ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಕೈಯೆತ್ತಿದ.

"ಸಾಕು ತಾಯಿ. ಅಳೋದು ಹರಾಮು."

"ಇದು ಅಳು ಅಲ್ಲಪ್ಪಾ. ನನ್ನ ಮಗನ್ನ ಕಳಿಸ್ತಿದೀನಿ."

"ಅವನು ಹೋಗಬೇಕಾದ ಜಾಗಕ್ಕೆ ಹೋಗಾಯ್ತು. ನಿನ್ನ ಹಾಡು ನಾನೂ ಕೇಳಿ ಬಲ್ಲೆ. ಅದರ ಕೊನೆ ಸಾಲು ಇದೆಯಲ್ಲ, ಹೆಸರು ಕರೆಯೋದು? ಅದನ್ನ ಹಾಡು. ಖಾರ್ತೂಮ್ ಗೆಲ್ಲೋಕೆ ಜನ ಬೇಕು. ಅದಕ್ಕೆ ತಡೆ ಇಲ್ಲ."

ನಿನ್ನ ತಾಯಿ ಅವನನ್ನೇ ನೋಡಿದಳು. "ತಲೆ ಬೇಡ, ಬಾಲ ಸಾಕು ಅಂತೀಯಾ? ಹಾಡು ಅಂದ್ರೆ ಸಂತೆ ಮೀನು ಅಂದ್ಕೊಂಡ್ಯಾ?" ಎಂದಳು. ಜನ ನಕ್ಕರು. ನಾಯಬನಿಗೆ ಮುಖ ಕೆಂಪಾಯಿತು. ಹುತಾತ್ಮನ ತಾಯಿಯೆಂದು ಈ ಸಲ ಬಿಟ್ಟಿದ್ದೇನೆ, ಇನ್ನೊಮ್ಮೆ ದನಿ ಕೇಳಿದರೆ ಕಟ್ಟಳೆಯ ಪ್ರಕಾರ ನಡೆಯುತ್ತೇನೆ ಎಂದು ಎಲ್ಲರೆದುರು ಹೇಳಿದ.

ಅಷ್ಟೂ ಹೊತ್ತು ನಾನು ಗಂಡಸರ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅವಳು ಮನೆಗೆ ಹೋಗುವಾಗ ನನ್ನ ಮುಂದೆಯೇ ಹಾದು ಹೋದಳು. ನಿನ್ನ ಅಮೀರನಿಗೆ ಒಂದು ಮಾತು ಹೇಳಿ ಅವಳಿಗೆ ಒಂದು ದಿನದ ಅಪ್ಪಣೆ ಕೊಡಿಸು. ಒಂದೇ ದಿನ ಸಾಕು.

ಹಸಬೂ

*

ಖಾರ್ತೂಮಿನ ದಕ್ಷಿಣದ ಪಾಳೆಯ
ರಜಬ್, ೧೩೦೧

ಅಮ್ಮಾ,

ಗುರುಗಳ ಪತ್ರ ಬಂತು. ನೀನು ಏನು ಮಾಡಿದೆ ಎಂದು ನಾಯಬ್ ಶವರ್ ಕೂಡ ಇಲ್ಲಿಗೆ ಬರೆದಿದ್ದಾನೆ.

ಒಂದು ದಿನದ ಅಪ್ಪಣೆ ಕೇಳಿದೆ. ಅಮೀರರು ನಕ್ಕರು. "ನಿನ್ನಮ್ಮನಿಗೆ ಕೊಟ್ಟರೆ ಯಾವ ಅಮ್ಮನಿಗೆ ಇಲ್ಲ ಅನ್ನಲಿ ಕರ್ರಾರ್? ಎಲ್ಲ ಅಮ್ಮಂದಿರೂ ಒಂದೇ ದಿನ ಅಳಲು ಕೂತರೆ ನಮ್ಮ ಪಾಳೆಯದಲ್ಲಿ ಒಬ್ಬ ಗಂಡಸೂ ಉಳಿಯಲ್ಲ" ಎಂದರು. ನನಗೆ ಅದು ತಪ್ಪು ಎನಿಸಲಿಲ್ಲ. ಯೋಚಿಸಿ ನೋಡು, ನಿನಗೂ ಎನಿಸಲಾರದು.

ಆದರೆ ನಾಯಬ್ ಹೇಳಿದ್ದನ್ನು ಮಾಡಬಹುದಲ್ಲ? ಬೇರೆ ಊರುಗಳಲ್ಲಿ ಹೆಂಗಸರು ಮಾಡುತ್ತಿದ್ದಾರೆ. ಒಂದು ಶುಕ್ರವಾರ, ನಮಾಜಿನ ಮೇಲೆ, ಎದ್ದು ನಿಂತು ಕೊನೆಯ ಸಾಲು ಒಂದನ್ನೇ ಹಾಡು. ಊರ ಗಂಡಸರ ಹೆಸರು ಕರೆ. ನಿನ್ನ ದನಿಗೆ ಜನ ಹೊರಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಅಷ್ಟು ಮಾಡಿದರೆ ಹಿಂದಿನದನ್ನೆಲ್ಲ ಮರೆತುಬಿಡುತ್ತಾರೆ. ನನ್ನ ತಲೆಯೂ ನೆಟ್ಟಗೆ ನಿಲ್ಲುತ್ತದೆ. ಇಲ್ಲಿ ಈಗ ನಾನು ನಡೆದರೆ ಹಿಂದೆ ಪಿಸುಮಾತು ಕೇಳಿಸುತ್ತದೆ.

ಕರ್ರಾರ್

*

ಉಂ ಹರಾಜ್
ರಮಜಾನ್, ೧೩೦೧

ಕರ್ರಾರ್,

ಇಲ್ಲ.

ಜುಬಾರಾನ ಹಾಡಿಗೆ ಕೊನೆಯ ಸಾಲು ಕಟ್ಟಿದರೆ ಮೊದಲು ಕರೆಯಬೇಕಾದವರು ಯಾರು? ಸತ್ತವನ ಅಣ್ಣ, ಸತ್ತವನ ಮಗ. ನಮ್ಮವರನ್ನು ಬಿಟ್ಟು ಕಂಡವರ ಮಕ್ಕಳನ್ನು ಕರೆಯಲು ನನಗೆ ನಾಚಿಕೆಯಿದೆ. ನಮ್ಮವರನ್ನು ಕರೆಯಲು ಭಯವಿದೆ. ಒಂದು ಸಲ ಕರೆದು ನೋಡಿದ್ದೇನೆ. ತುರ್ಕರ ಮೇಲಿನ ಸಿಟ್ಟಿಗೆ ಕರೆದೆ, ನನ್ನ ಹೊಟ್ಟೆಯನ್ನೇ ಬರಿದು ಮಾಡಿಕೊಂಡೆ. ಮಗು ಈಗ ಬಾಗಿಲು ದಾಟಿ ಓಡುತ್ತದೆ. ಅದರ ಹೆಸರನ್ನು ಊ‍ಟಕ್ಕೆ ಮಾತ್ರ ಕರೆಯುತ್ತೇನೆ.

ನಿನ್ನ ಅಮೀರ ಹೇಳಿದ್ದು ಸರಿಯೇ. ಎಲ್ಲ ಅಮ್ಮಂದಿರೂ ಅತ್ತರೆ ಪಾಳೆಯ ಖಾಲಿಯಾಗುತ್ತದೆ. ಅದು ಅವನಿಗೆ ತಿಳಿದಿದೆ ಎಂದಮೇಲೆ ಅವನು ದಡ್ಡನಲ್ಲ.

ತುರ್ಕರಿಗೆ ಹೆದರಿ ವರ್ಷವಿಡೀ ಅಳು ನುಂಗಿದೆ. ಈಗ ನಮ್ಮವರಿಗೆ ಹೆದರಿ ನುಂಗಬೇಕಂತೆ. ನಿನ್ನೆ ಬಾವಿಯ ಬಳಿ ಬಾಯಿ ತಪ್ಪಿ ಎರಡು ಸಾಲು ಬಂತು. ಹೆಂಗಸರು ಹಗ್ಗ ಬಿಟ್ಟು ನಿಂತುಬಿಟ್ಟರು. ಅವರಲ್ಲೇ ಯಾರೋ ನಾಯಬನಿಗೆ ಹೇಳಿದ್ದಾರೆ. ಇದೂ ನಿನ್ನ ಕಿವಿಗೆ ಬಂದೇ ಬರುತ್ತದೆ, ನನ್ನಿಂದಲೇ ಕೇಳು.

ರಯ್ಯಾ

*

ಉಮ್ ದುರ್ಮಾನ್, ಹೊಳೆದಡ
ಮುಹರ್ರಮ್, ೧೩೦೨

ಅಮ್ಮಾ,

ಗುರುಗಳೇ, ಇದನ್ನು ಅಮ್ಮನೊಬ್ಬಳಿಗೇ ಮೆಲ್ಲಗೆ ಓದಿ.

ಬಾವಿಯ ಸುದ್ದಿ ಬಂತು. ಅಮೀರರು ಓದಿ, ಕಾಗದವನ್ನು ನನ್ನ ಮುಂದಿಟ್ಟು, "ಚಾವಟಿ ಏಟಿನ ಆಜ್ಞೆ ನೀನೇ ಬರಿ" ಎಂದರು. ಇನ್ನೊಬ್ಬ ಬರಹಗಾರ ಪಕ್ಕದಲ್ಲೇ ಕೂತಿದ್ದ, ಅವನಿಗೆ ಕೊಡಬಹುದಿತ್ತು. ನನ್ನನ್ನು ಪರೀಕ್ಷೆ ಮಾಡಿದರೆಂದು ನನಗೆ ಗೊತ್ತು. ಬರೆಯುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಅವನು ಬರೆದರೆ ಪೂರ್ತಿ ಬರೆಯುತ್ತಾನೆ, ನಾನು ಬರೆದರೆ ಏಟು ಕಡಿಮೆ ಮಾಡಿ ಬರೆಯಬಹುದು ಎಂದುಕೊಂಡೆ. ಹಾಗೇ ಮಾಡಿದೆ. ಅರ್ಧಕ್ಕಿಂತ ಕಡಿಮೆ ಬರೆದಿದ್ದೇನೆ. ಅಮೀರರು ನೋಡಿ ಮುದ್ರೆ ಒತ್ತಿದರು.

ಈ ಪತ್ರ ತಂದ ಸವಾರನ ಚೀಲದಲ್ಲೇ ಆ ಆಜ್ಞೆಯೂ ಇದೆ. ಅವನಿಗೆ ಅದರಲ್ಲೇನಿದೆ ಎಂದು ತಿಳಿಯದು. ಮೊದಲು ನಮ್ಮ ಮನೆಗೆ ಹೋಗು, ಅಮ್ಮನ ಕೈಯ ಊಟ ಮಾಡಿ, ಒಂದು ದಿನ ದಣಿವಾರಿಸಿಕೊಂಡು ಆಮೇಲೆ ನಾಯಬನ ಬಳಿ ಹೋಗು ಎಂದಿದ್ದೇನೆ. ಅಷ್ಟರಲ್ಲಿ ನೀನು ಸಿತ್ತನಾಳನ್ನೂ ಮಗುವನ್ನೂ ಕರೆದುಕೊಂಡು ಹೊಳೆ ದಾಟಿಬಿಡು. ಆಚೆ ದಡದಲ್ಲಿ ಗುರುಗಳ ನೆಂಟರಿದ್ದಾರೆ. ನನ್ನಿಂದ ಆದದ್ದು ಇಷ್ಟು.

ಖಾರ್ತೂಮ್ ಇಂದೋ ನಾಳೆಯೋ ಬೀಳುತ್ತದೆ. ರಾತ್ರಿ ಅಲ್ಲಿಯ ದೀಪಗಳು ಕಾಣುತ್ತವೆ. ನಾವು ಗೆದ್ದೆವು ಅಮ್ಮಾ. ಆದರೂ ಈಚೆಗೆ ನನಗೆ ಊಟ ಸೇರುವುದಿಲ್ಲ.

ಕರ್ರಾರ್

*

ಉಂ ಹರಾಜ್
ಸಫರ್, ೧೩೦೨

ಮಗನೇ ಕರ್ರಾರ್,

ನಿನ್ನ ಸವಾರ ಒಳ್ಳೆಯ ಹುಡುಗ. ಮುದ್ದೆ, ಒಣಬೆಂಡೆಯ ಸಾರು ಬಡಿಸಿದೆ. ಎರಡು ಸಲ ಹಾಕಿಸಿಕೊಂಡ. ಅವನು ಕೈತೊಳೆಯಲು ಹೋದಾಗ ಫಕೀ ಪತ್ರ ಓದಿದರು. ಓದಿ ಮುಗಿಸಿ, "ದೋಣಿ ಇದೆ, ನಡಿ" ಎಂದರು. ನಾನು ಎದ್ದು ಪಾತ್ರೆ ತೊಳೆದಿಟ್ಟೆ.

"ಅಮ್ಮಾ, ನಾಳೆ ತನಕ ಇಲ್ಲೇ ಇರು ಅಂದಿದಾರೆ ನಿಮ್ಮ ಮಗ" ಎಂದ ಸವಾರ.

"ನಾಳೆ ತನಕ ಯಾಕಪ್ಪಾ? ಉಂಡಾಯ್ತಲ್ಲ. ಬಾ, ನಾಯಬನ ಮನೆ ನಾನೇ ತೋರಿಸ್ತೀನಿ."

ನಾನೇ ಕರೆದುಕೊಂಡು ಹೋದೆ. ಸಿತ್ತನಾಳೂ ಮಗುವೂ ಮನೆಯಲ್ಲೇ ಇದ್ದರು, ಅವರೇಕೆ ಓಡಬೇಕು? ಮಾರನೆಯ ದಿನ ಮಸೀದಿಯ ಮುಂದೆ ಜನ ಸೇರಿಸಿ ನಿನ್ನ ಆಜ್ಞೆ ಓದಿಸಿದರು. ಓದಿದವನು, "ಅಕ್ಷರ ಮುತ್ತಿನ ಹಾಗಿದೆ" ಎಂದ. ಫಕೀ ತಲೆ ತಗ್ಗಿಸಿದರು, ಕಲಿಸಿದವರು ಅವರೇ ತಾನೇ.

ನನ್ನನ್ನು ನಿಲ್ಲಿಸಿದಾಗ ನಾಯಬನನ್ನು ಕೇಳಿದೆ:

"ಹೊಡೆಯುವಾಗ ಅಳಬಹುದಾ?"

"ಏನು?"

"ಏಟು ಬೀಳುವಾಗ. ಅಳಬಹುದಾ, ಅದೂ ಹರಾಮಾ?"

ಅವನಿಗೆ ತಿಳಿಯಲಿಲ್ಲ. ಸುತ್ತ ನೋಡಿದ. ಆಗ ನಮ್ಮ ಫಕೀ ಗಂಡಸರ ಸಾಲಿನಿಂದ ಹೊರಗೆ ಬಂದರು. ಇದನ್ನು ಬರೆಯುವುದಿಲ್ಲ ಎನ್ನುತ್ತಿದ್ದಾರೆ, ಬರೆಯಿರಿ ಎಂದು ಗದರಿಸುತ್ತಿದ್ದೇನೆ. "ನೋವಿಗೆ ಅಳೋದನ್ನ ಯಾವ ಕಿತಾಬೂ ತಡೆದಿಲ್ಲ, ನಾಯಬ್. ನಿಮ್ಮ ಕಟ್ಟಳೆಯಲ್ಲೂ ಇಲ್ಲ. ಅದನ್ನ ಪ್ರತಿ ಮಾಡಿದವನು ನನ್ನ ಶಿಷ್ಯ" ಎಂದರು. ನಾಯಬ್, "ಹಾಗಾದ್ರೆ ಅಳಲಿ" ಎಂದ.

ಮೊದಲ ಏಟಿಗೇ ಶುರು ಮಾಡಿದೆ. ಜುಬಾರಾ ಹುಟ್ಟಿದ್ದು, ಮೊದಲು ನೀರಿಗೆ ಬಿದ್ದದ್ದು, ಎತ್ತು ಅವನ ಮಾತು ಮಾತ್ರ ಕೇಳುತ್ತಿದ್ದದ್ದು, ಸಿತ್ತನಾಳನ್ನು ನೋಡಿ ಮುಖ ತಿರುಗಿಸಿಕೊಂಡು ನಕ್ಕದ್ದು, ಎಲ್ಲ ಹಾಡಿದೆ. ಹೆಸರು ಹಿಡಿದು, ದನಿ ಎತ್ತಿ ಹಾಡಿದೆ. ಊರಲ್ಲಿ ಯಾರ್ಯಾರ ಮಕ್ಕಳು ಆ ಶುಕ್ರವಾರ ಬಿದ್ದಿದ್ದರೋ ಅವರೆಲ್ಲ ಗೋಡೆಯ ಹಿಂದೆ ನಿಂತು ಜೊತೆಗೆ ದನಿಗೂಡಿಸಿದರು. ಯಾರನ್ನು ಹಿಡಿಯುತ್ತಾರೆ? ಏಟು ನನಗೆ ಬೀಳುತ್ತಿತ್ತು, ಅಳು ನ್ಯಾಯವಾಗಿತ್ತು. ಹೊಡೆಯುವವನ ಕೈ ಸೋತು ನಿಧಾನವಾಯಿತು. "ಹೊಡಿಯೋ, ಇನ್ನೂ ಮುಗಿದಿಲ್ಲ" ಎಂದೆ.

ಆದರೆ ಏಟು ಮುಗಿದುಹೋಯಿತು. ಅವನು ಚಾವಟಿ ಸುತ್ತಿಟ್ಟ. ನಾಯಬ್, "ಇನ್ನು ಬಾಯಿ ಮುಚ್ಚು ತಾಯಿ, ಹೊಡೆತ ಮುಗೀತು" ಎಂದ. ಹಾಡಿನಲ್ಲಿ ನಾನಿನ್ನೂ ಜುಬಾರಾನ ಮದುವೆಯ ದಿನದಲ್ಲಿದ್ದೆ. ಮನೆ ಬಿಟ್ಟು ಹೊರಟದ್ದು, ಕಂದಕ, ನಿನ್ನ ಕೈಯಿಂದ ಬಿದ್ದ ಮಣ್ಣು, ಅಷ್ಟೂ ಉಳಿಯಿತು.

ಸಿತ್ತನಾ ಬೆನ್ನಿಗೆ ಎಳ್ಳೆಣ್ಣೆ ಹಚ್ಚುತ್ತಾಳೆ. ಗಾಯ ಮಾಯುತ್ತಿದೆ. ನನ್ನ ಮೇಲಿನ ಮಮತೆಗೆ ನೀನು ಏಟು ಕಡಿಮೆ ಬರೆದೆ ಎಂದು ಗೊತ್ತು, ಅದಕ್ಕೆ ನಿನ್ನನ್ನು ಬೈಯುವುದಿಲ್ಲ. ಆದರೆ ನಿನ್ನ ತಮ್ಮ ಇನ್ನೂ ಅರ್ಧ ಅಂಗಳದಲ್ಲೇ ಇದ್ದಾನೆ. ಮತ್ತೆ ನನ್ನ ಮೇಲೆ ಬರೆಯುವ ಹೊತ್ತು ಬಂದರೆ, ಮಗನೇ, ಕೈ ಬಿಗಿಹಿಡಿದು ಬರೆಯಬೇಡ.

ನಿನ್ನ ತಾಯಿ
ರಯ್ಯಾ